ವೈರಿ ಅನ್ನೋನು ಪಕ್ಕದ ಮನ್ಯಾಗೇ ಇರ್ಬೇಕು

ಮೊದ್ಲೇ ಹೇಳಿಬಿಡ್ತೀನಿ, ಕೋಲ್ಕತ್ತಾದಾಗೆ ಎರಡು ದೊಡ್ಡ ಫುಟ್ಬಾಲ್ ಕ್ಲಬ್ಬು, ಈಸ್ಟ್ ಬೆಂಗಾಲ್ ಮತ್ತೆ ಮೋಹನ್ ಬಗಾನ್, ಅದ್ರಾಗೆ ನಾನು ಈಸ್ಟ್ ಬೆಂಗಾಲ್. ಇದನ್ನ ಓದೋರಾಗೆ ಕನ್ನಡ ಬಲ್ಲ ಮೋಹನ್ ಬಗಾನ್ ಮಂದಿ ಯಾರಾದ್ರೂ ಇದ್ರೆ (ಒಬ್ರು ಅದಾರೆ, ನಮ್ಮ ಆಫೀಸಿನಾಗೇ ಅದಾರೆ, ಧಾರವಾಡದ ಕಡೆಯವ್ರು) ಇಲ್ಲಿಗೇ ನಿಲ್ಸಿ ಬೈಯೋಕೆ ಶುರು ಮಾಡ್ಬೋದು, ನಂಗೇನೂ ಬೇಜಾರಿಲ್ಲ. ಡರ್ಬಿ, ಅಂದ್ರೆ ಈ ಎರಡು ಟೀಮಿನ ಮ್ಯಾಚ್, ಅದ್ರ ವಿಷ್ಯದಾಗೆ ನಾನು ಎರಡೂ ಕಡೆ ಸಮ ನೋಡಿ ಬರೀತೀನಿ ಅಂತ ಯಾರು ಹೇಳಿದ್ರೂ ನಂಬಬ್ಯಾಡ್ರಿ, ಅಂಥೋನು ಒಂದೋ ಫುಟ್ಬಾಲ್ ನೋಡಂಗಿಲ್ಲ, ಇಲ್ಲಾ ಸೋತ ಟೀಮಿನವ್ನು.

ಬಳ್ಳಾರಿ ಹುಡುಗಂಗೆ ಕೋಲ್ಕತ್ತಾದ ಈ ರೋಗ ಹೆಂಗೆ ಹತ್ತಿತಪ್ಪಾ ಅಂತ ಊರಿಗೆ ಹೋದಾಗೆಲ್ಲ ಕೇಳ್ತಾರೆ. ಹೆಂಗಂದ್ರೆ ಏನ್ ಹೇಳೋದು. ಕಬ್ಬಿಣ ಎಲ್ಲಿಗೆ ಹೋಗುತ್ತೋ ಅಲ್ಲಿಗೆ ಬಳ್ಳಾರಿಯವ್ರೂ ಹೋಗ್ತಾರೆ, ಸ್ಟೀಲ್ ವ್ಯಾಪಾರದ ಆಫೀಸಿನಾಗೆ ನೌಕ್ರಿ ಸಿಕ್ತು, ಬಂದೆ, ಬಾಡಿಗಿ ಕಡಿಮಿ ಐತೆ ಅಂತ ಜಾದವಪುರದ ಹತ್ರ ಬಿಜಯಗಢದಾಗೆ ಮನಿ ಹಿಡಿದೆ, ಅಲ್ಲಿಗೆ ಮುಗೀತು. ಬಿಜಯಗಢ ಅಂದ್ರೆ ದೇಶ ಒಡೆದಾಗ ಪೂರ್ವ ಬಂಗಾಳದಿಂದ ಎಲ್ಲಾ ಬಿಟ್ಟು ಓಡಿ ಬಂದ ಮಂದಿ, ಯುದ್ಧದ ಕಾಲದ ಮಿಲಿಟರಿ ಬ್ಯಾರಕ್ಕು ಖಾಲಿ ಬಿದ್ದಿದ್ದ ಜಾಗದಾಗೆ ಸೇರ್ಕೊಂಡು ತಾವೇ ಕಟ್ಕೊಂಡ ಕಾಲೋನಿ. ಆ ಏರಿಯಾದಾಗೆ ಬಾಡಿಗಿಗೆ ಇದ್ದು ಮೋಹನ್ ಬಗಾನಿನ ಹಸಿರು-ಮೆರೂನ್ ಬಾವುಟ ಹಿಡಿತೀನಿ ಅಂದ್ರೆ ಮೊದ್ಲು ನೀರಿನ ಮೋಟ್ರು ಬಂದ್ ಮಾಡ್ತಾರೆ, ಆಮ್ಯಾಲೆ ಮಾತು. ಹಂಗಾಗಿ ಕೆಂಪು-ಹಳದಿ ಆದೆ. ಮೊದ್ಲು ಮನಿ ಮಾಲಕರ ಮನಸ್ಸಿಗೆ ಅಂತ ಆಗಿದ್ದು, ಈಗ ನಂದೇ ಹುಚ್ಚು ಅವ್ರಿಗಿಂತ ಒಂದು ತೂಕ ಜಾಸ್ತಿ.

ಗೊತ್ತಿಲ್ದವ್ರಿಗೆ ಹಿಂದಿನ ಕಥಿ ಸ್ವಲ್ಪ ಹೇಳ್ತೀನಿ. ಮೋಹನ್ ಬಗಾನ್ 1889ರದು, ಉತ್ತರ ಕೋಲ್ಕತ್ತಾದ ದೊಡ್ಡ ಮನೆತನದವ್ರು ಕಟ್ಟಿದ್ದು. 1911ರ ಐಎಫ್‌ಎ ಶೀಲ್ಡ್ ಫೈನಲ್ಲಿನಾಗೆ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟ್ ಅನ್ನೋ ಗೋರಾ ಪಲ್ಟನ್ನಿಗೆ 2-1 ಹೊಡೆದ್ರು, ಒಬ್ಬನ್ನ ಬಿಟ್ಟು ಉಳಿದೋರೆಲ್ಲ ಬರಿಗಾಲಾಗೆ ಆಡಿದ್ರು. ಅದು ದೊಡ್ಡ ಮಾತು, ಇಲ್ಲ ಅನ್ನೋಕೆ ನಾನ್ಯಾರು, ಆದ್ರೆ ಅವ್ರ ಜೊತೆ ಏನೇ ವಾದ ಹಾಕ್ರಿ, ನಿನ್ನೆ ಮ್ಯಾಚ್ ಯಾಕೆ ಸೋತ್ರಿ ಅಂತ ಕೇಳಿದ್ರೂ ಉತ್ರ 1911ರಿಂದಾನೇ ಶುರು ಆಗುತ್ತೆ. ನಮ್ದು 1920. ಆ ವರ್ಷ ಜುಲೈ 28ಕ್ಕೆ ಕೂಚ್ ಬೆಹಾರ್ ಕಪ್ಪಿನಾಗೆ ಜೋಡಾಬಗಾನ್ ಕ್ಲಬ್ಬಿಗೂ ಮೋಹನ್ ಬಗಾನಿಗೂ ಮ್ಯಾಚ್ ಇತ್ತು, ಜೋಡಾಬಗಾನಿನವ್ರು ಶೈಲೇಶ್ ಬೋಸ್ ಅನ್ನೋ ಪೂರ್ವ ಬಂಗಾಳದ ಆಟಗಾರನ್ನ ಕಾರಣ ಹೇಳದಂಗೆ ಟೀಮಿನಿಂದ ಕೈಬಿಟ್ರು. ಅದೇ ಕ್ಲಬ್ಬಿನ ಪದಾಧಿಕಾರಿ ಸುರೇಶ್ ಚಂದ್ರ ಚೌಧುರಿ, ಅವ್ರೂ ಪೂರ್ವದವ್ರೇ, ಯಾಕಪ್ಪಾ ಬಿಟ್ರಿ ಅಂತ ಕೇಳಿದ್ರೆ ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಸಿಟ್ಟಿಗೆದ್ದು ಹೊರಗೆ ಬಂದು ಆಗಸ್ಟ್ 1ಕ್ಕೆ ಹೊಸ ಕ್ಲಬ್ಬೇ ತೆಗೆದುಬಿಟ್ರು. ನಾಲ್ಕೇ ದಿನ! ನಮ್ಮೂರಾಗೆ ಗಣಪತಿ ಪೆಂಡಾಲಿಗೆ ಕಮಿಟಿ ಮಾಡೋಕೇ ಇದಕ್ಕಿಂತ ಹೆಚ್ಚು ದಿನ ಬೇಕು. 1925ರ ಮೇ 28ಕ್ಕೆ ಲೀಗಿನಾಗೆ ಮೊದ್ಲನೇ ಸಲ ಎದುರುಬದುರಾದ್ರು, ನೇಪಾಲ್ ಚಕ್ರವರ್ತಿ ಗೋಲು ಹೊಡೆದು ನಾವು 1-0 ಗೆದ್ವಿ. (ನೋಡ್ರಿ, "ನಾವು" ಅಂದುಬಿಟ್ಟೆ, ನಮ್ಮಜ್ಜ ಆಗ ಬಳ್ಳಾರಿಯಾಗೆ ಹತ್ತಿ ಅಂಗಡಿ ಲೆಕ್ಕ ಬರೀತಿದ್ರು.)

ಹಂಗೆ ಊರಿನ ಹಳೇ ಮಂದಿ ಘೋಟಿಗಳು, ಅವ್ರದು ಮೋಹನ್ ಬಗಾನ್. ಪೂರ್ವದಿಂದ ಬಂದವ್ರು ಬಾಂಗಾಲ್‌ಗಳು, ಅವ್ರದು ಈಸ್ಟ್ ಬೆಂಗಾಲ್. 1947 ಆದ್ಮೇಲೆ ಇದು ಬರೀ ಆಟ ಆಗಿ ಉಳೀಲಿಲ್ಲ. ಢಾಕಾ, ಬಾರಿಶಾಲ್, ಮೈಮನ್‌ಸಿಂಗ್ ಬಿಟ್ಟು ಬಂದೋರಿಗೆ ಮನಿ ಇಲ್ಲ ಹೊಲ ಇಲ್ಲ, ಸಿಯಾಲ್ದಾ ಸ್ಟೇಷನ್ ಪ್ಲಾಟ್‌ಫಾರ್ಮ್ ಮೇಲೆ ಮಲಗೋರು, ಅವ್ರಿಗೆ ತಮ್ಮೂರ ಹೆಸ್ರು ಉಳಿದಿದ್ದು ಆ ಕ್ಲಬ್ಬಿನಾಗೆ ಒಂದೇ. ಅದೇ ಟೈಮಿಗೆ 1949ರಿಂದ 53ರ ತನಕ ಈಸ್ಟ್ ಬೆಂಗಾಲಿನ ಮುಂದಿನ ಸಾಲಿನಾಗೆ ಆಡೋ ಐದು ಜನಕ್ಕೆ ಪಂಚಪಾಂಡವರು ಅಂತ ಹೆಸ್ರು ಬಿತ್ತು, ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೇ. ಹೆಸ್ರು ನೋಡ್ರಿ, ಒಬ್ನಾದ್ರೂ ಬಂಗಾಳಿ ಅದಾನಾ? ಎಲ್ಲಾ ನಮ್ಮ ಕಡೆ ದಕ್ಷಿಣದವ್ರು, ಅಹ್ಮದ್ ಖಾನ್ ಅಂತೂ ಬೆಂಗಳೂರಿನವ್ರೇ, 1948ರ ಲಂಡನ್ ಒಲಿಂಪಿಕ್ಸಿನಾಗೆ ಆಡಿದವ್ರು. ನಿರಾಶ್ರಿತರ ಕ್ಲಬ್ಬಿನ ಮಾನ ಕಾಪಾಡಿದ್ದು ಹೊರಗಿನವ್ರು. ಮಾಲಕರಿಗೆ ನಾನು ಬೆಂಗಳೂರಿನವ್ನಲ್ಲ, ಬಳ್ಳಾರಿಯವ್ನು, ಎರಡಕ್ಕೂ ನಡುವೆ ಒಂದು ರಾತ್ರಿ ಪೂರ್ತಿ ಪ್ರಯಾಣದಷ್ಟು ದೂರ ಅಂತ ಎಷ್ಟು ಹೇಳಿದ್ರೂ "ಅಹ್ಮದ್ ಊರಿನ ಹುಡುಗ" ಅಂತಲೇ ಪರಿಚಯ ಮಾಡಿಸ್ತಾರೆ. ಇರ್ಲಿ, ಅದ್ರಿಂದ ಚಹಾ ದುಕಾನಿನಾಗೆ ನಂಗೊಂದು ಕುರ್ಚಿ ಖಾಯಂ ಆಗೈತೆ.

ಈಗ ಮನಿ ವಿಷ್ಯ. ಮಾಲಕರನ್ನ ನಾನು ಕಾಕು ಅಂತೀನಿ, ಅವ್ರ ಅಪ್ಪ ಬಾರಿಶಾಲಿನಿಂದ ಬಂದವ್ರು, ರಕ್ತದಾಗೇ ಈಸ್ಟ್ ಬೆಂಗಾಲ್. ಅವ್ರ ಹೆಂಡ್ತಿ ಕಾಕಿಮಾ ಹೂಗ್ಲಿ ಕಡೆ ಘೋಟಿ ಮನೆತನ, ಅವ್ರು ಮೋಹನ್ ಬಗಾನ್. ಅಂದ್ರೆ ಒಂದೇ ಅಡಿಗಿ ಮನಿ, ಎರಡು ಕ್ಲಬ್ಬು. ಇಲ್ಲಿ ಪದ್ಧತಿ ಏನಂದ್ರೆ ಈಸ್ಟ್ ಬೆಂಗಾಲ್ ಗೆದ್ರೆ ಇಲಿಶ್ ಮೀನು, ಮೋಹನ್ ಬಗಾನ್ ಗೆದ್ರೆ ಚಿಂಗ್ರಿ, ಅಂದ್ರೆ ಸೀಗಡಿ. ಡರ್ಬಿ ಮಾರನೇ ದಿನ ಮಾರ್ಕೆಟ್ಟಿನಾಗೆ ಗೆದ್ದವ್ರ ಮೀನಿಗೆ ರೇಟು ಏರಿರುತ್ತೆ. 2025ರ ಆಗಸ್ಟ್ 17, ಡ್ಯುರಾಂಡ್ ಕಪ್ ಕ್ವಾರ್ಟರ್ ಫೈನಲ್ಲು, ಡಿಯಮಾಂಟಾಕೋಸ್ ಎರಡು ಗೋಲು ಹೊಡೆದು ನಾವು 2-1. ಬೆಳಿಗ್ಗೆ ಕಾಕು ಮುಖಾ ತೊಳೆಯೋಕಿಂತ ಮುಂಚೆ ಚೀಲ ಹಿಡ್ಕೊಂಡು ಹೊಂಟ್ರು, ಇಲಿಶ್ ತಂದು ಅಡಿಗಿ ಕಟ್ಟಿ ಮೇಲೆ ಇಟ್ಟು ಏನೂ ಮಾತಾಡದೆ ಪೇಪರ್ ಬಿಚ್ಚಿ ಕೂತ್ರು. ಕಾಕಿಮಾನೂ ಏನೂ ಮಾತಾಡಲಿಲ್ಲ. ಸಾಸಿವಿ ಅರೆದ್ರು, ಹಸಿಮೆಣಸಿನಕಾಯಿ ಸೀಳಿ ಹಾಕಿದ್ರು, ಬೇಯಿಸಿದ್ರು, ಎಲ್ಲಾ ಸರಿ. ಊಟಕ್ಕೆ ಕೂತಾಗ ಹೊಟ್ಟಿ ಕಡೆ ಮೆತ್ತನ್ನ ತುಂಡೆಲ್ಲ ಮಗಳಿಗೂ ಅಳಿಯನಿಗೂ ಹೋದವು, ಕಾಕು ತಟ್ಟೆಗೆ ಬಿದ್ದಿದ್ದು ಬಾಲದ ತುಂಡು, ಬರೀ ಮುಳ್ಳು. ಅವ್ರು ಒಂದೊಂದೇ ಮುಳ್ಳು ತೆಗೆದು ತಟ್ಟಿ ಅಂಚಿಗೆ ಸಾಲಾಗಿ ಇಟ್ಟು, ತೃಪ್ತಿಯಾಗಿ ತಿಂತಾ "ಗೆದ್ದೋರಿಗೆ ಟೈಮ್ ಬಾಳ ಇರುತ್ತೆ" ಅಂದ್ರು. ಕಾಕಿಮಾ ಸೆರಗು ಬಾಯಿಗೆ ಹಿಡ್ಕೊಂಡು ನಕ್ಕಿದ್ದು ನಾನು ನೋಡಿದೆ. ನಾನು ಮೀನು ಮುಟ್ಟದ ಮಂದಿ, ಹಂಗಾಗಿ ನಂಗೆ ಯಾರು ಗೆದ್ರೂ ಸಂದೇಶ್ ಅನ್ನೋ ಬಂಗಾಳಿ ಸಿಹಿ. ಒಂದು ಲೆಕ್ಕಕ್ಕೆ ಈ ಊರಾಗೆ ಡರ್ಬಿ ಸೋಲದೇ ಇರೋನು ನಾನೊಬ್ನೇ.

ನಾನು ಹೇಳ್ಬೇಕಂತ ಇರೋದೂ ಇದೇ ನೋಡ್ರಿ. ವೈರಿ ಅನ್ನೋನು ಪಕ್ಕದಾಗೇ ಇರ್ಬೇಕು. ಬೀಗ್ರಿದ್ದಂಗೆ ಇರ್ಬೇಕು, ಬಯ್ಯೋಕೂ ಅವ್ರೇ, ಹಬ್ಬಕ್ಕೆ ಕರೆಯೋಕೂ ಅವ್ರೇ. ದೂರದಾಗೆ ಇರೋ ವೈರಿ ಯಾತಕ್ಕೂ ಬರಂಗಿಲ್ಲ, ಅವನ ಮ್ಯಾಲೆ ಬರೀ ದ್ವೇಷ ಬೆಳೀತೈತೆ.

ನಮ್ಮ ಕರ್ನಾಟಕದಾಗೆ ಈಗ ಫ್ಯಾನ್ಸ್ ಜಗಳ ಅಂದ್ರೆ ಏನು? ಆರ್‌ಸಿಬಿ-ಸಿಎಸ್‌ಕೆ. ಇಲ್ಲಾ ಫುಟ್ಬಾಲ್ ನೋಡೋ ಮಂದಿ ಆದ್ರೆ ಬೆಂಗಳೂರು ಎಫ್‌ಸಿ-ಕೇರಳ ಬ್ಲಾಸ್ಟರ್ಸ್. 2023ರ ಮಾರ್ಚ್ 3ರದು ನೆನಪಿರ್ಬೇಕು, ಕಂಠೀರವದಾಗೆ ಇಂಡಿಯನ್ ಸೂಪರ್ ಲೀಗಿನ ಪ್ಲೇಆಫ್, ಎಕ್ಸ್‌ಟ್ರಾ ಟೈಮಿನಾಗೆ ಬೆಂಗಳೂರಿನ ಸುನಿಲ್ ಛೇತ್ರಿ ಫ್ರೀ ಕಿಕ್ಕು ಬ್ಲಾಸ್ಟರ್ಸ್‌ನವ್ರು ಗೋಡಿ ಕಟ್ಟೋಕಿಂತ ಮುಂಚೆ ಹೊಡೆದು ಗೋಲು ಮಾಡಿಬಿಟ್ಟ, ಅವ್ರ ಕೋಚು ಸಿಟ್ಟಿಗೆ ಟೀಮನ್ನೇ ಕರ್ಕೊಂಡು ಹೊರಗೆ ಹೋದ. ಆಮ್ಯಾಲೆ ತಿಂಗಳಾನುಗಟ್ಟಲೆ ಫೋನಿನಾಗೆ ಬೈದಾಟ. ಭಾಷಿ ಬೈದ್ರು, ಊರು ಬೈದ್ರು, ಛೇತ್ರಿಯನ್ನೂ ಬಿಡಲಿಲ್ಲ. ಯಾಕಂದ್ರೆ ಬಯ್ಯೋನಿಗೆ ಮಾರನೇ ದಿನ ಅವನ ಮುಖ ನೋಡೋ ಗರಜೇ ಇಲ್ಲ. ಇವ ಹೆಬ್ಬಾಳದಾಗೆ, ಅವ ಕೊಚ್ಚಿಯಾಗೆ. ಇಲ್ಲಿ ಹಂಗಲ್ರಿ, ಸೋತ ಮಾರನೇ ದಿನ ಬೆಳಿಗ್ಗೆ ಅದೇ ಮೀನಂಗಡಿ, ಅದೇ ಬಸ್ಸು, ಅದೇ ಆಫೀಸು, ಗೆದ್ದೋನು ಬಾಗಿಲಾಗೇ ಕಾಯ್ತಾ ನಿಂತಿರ್ತಾನೆ. ನೀನು ನಿನ್ನೆ ಏನಂದಿದ್ದಿ ಅದನ್ನೆಲ್ಲ ಬಡ್ಡಿ ಸಮೇತ ವಸೂಲಿ. ಆ ಹೆದ್ರಿಕಿಗೇ ಮಂದಿ ಬಾಯಿ ಅಳತಿಯಾಗೆ ಇಟ್ಕೊಂಡಿರ್ತಾರೆ. ಸಂತರು ಅಂತ ಹೇಳ್ತಾ ಇಲ್ಲ, ಗ್ಯಾಲರಿಯಾಗೆ ಕೇಳೋ ಬೈಗುಳ ಇಲ್ಲಿ ಬರೆಯೋಕೆ ಆಗಲ್ಲ, ನಮ್ಗೆ ಅವ್ರು ಲೋಟಾ ಅಂತಾರೆ, ನಾವು ಅವ್ರಿಗೆ ಮಾಚಾ ಅಂತೀವಿ, ನಮ್ಮನ್ನ ಮುಳ್ಳುತಂತಿ ದಾಟಿ ಬಂದವ್ರು ಅಂತ ಹಂಗಿಸ್ತಾರೆ. ಅದು ತಮಾಷಿ ಅಲ್ಲ, ನಿಜವಾಗ್ಲೂ ದಾಟಿ ಬಂದವ್ರು ಇನ್ನೂ ಬದುಕ್ಯಾರೆ. 2020ರ ಜನವರಿ ಡರ್ಬಿಯಾಗೆ ನಮ್ಮ ಕಡೆಯವ್ರು ಒಂದು ದೊಡ್ಡ ಬ್ಯಾನರ್ ಇಳಿಬಿಟ್ರು, ಈ ನೆಲ ರಕ್ತ ಕೊಟ್ಟು ಕೊಂಡಿದ್ದು, ಕಾಗದ ಕೊಟ್ಟಲ್ಲ ಅಂತ. ಪೌರತ್ವಕ್ಕೆ ದಾಖಲಿ ತೋರ್ಸು ಅನ್ನೋ ಗಲಾಟಿ ಜೋರಿದ್ದ ಟೈಮು ಅದು. ಆವತ್ತು 2-1 ಸೋತ್ವಿ, ಅದು ಬ್ಯಾರೆ ಮಾತು.

ಈಗ ಬಳ್ಳಾರಿ. ನಮ್ಮಲ್ಲಿ ಇಬ್ರು ಬಾಯಿ ಮಾಡೋಕೆ ಶುರು ಮಾಡಿದ್ರೆ ಹಿರೇರು ಬಂದು "ಏ ಬಿಡ್ರಲೇ, ಒಂದೇ ಊರವ್ರು" ಅಂತ ಬಿಡಿಸ್ತಾರೆ. ಒಳ್ಳೇದೇ ಅನ್ಸುತ್ತೆ. ಆದ್ರೆ ಆ ಜಗಳ ಎಲ್ಲಿಗೆ ಹೋಗುತ್ತೆ? ಹೋಗಲ್ಲ, ಒಳಗೇ ಕುದೀತಿರುತ್ತೆ, ಎಲೆಕ್ಷನ್ ಬಂದಾಗ ಹೊರಗೆ ಬರುತ್ತೆ, ಇಲ್ಲಾ ಮದುವಿಯಾಗೆ ಬರುತ್ತೆ, ಇಲ್ಲಾ ಹೊಲದ ಬದುವಿನ ಮೇಲೆ ಬರುತ್ತೆ. ಜಾತ್ರಿ ಕುಸ್ತಿ ಐತೆ, ಊರಿಗೂ ಊರಿಗೂ ಜಿದ್ದು ಐತೆ, ಆದ್ರೆ ಪೈಲ್ವಾನ್ ಬೆಳ್ಳಿ ಕಡಗ ಹಾಕ್ಕೊಂಡ ಮೇಲೆ ಮಂದಿ ಟ್ರ್ಯಾಕ್ಟರ್ ಹತ್ತಿ ಮನಿಗೆ ಹೋಗ್ತಾರೆ, ಮುಂದಿನ ಜಾತ್ರಿ ತನಕ ಯಾರಿಗೂ ನೆನಪಿಲ್ಲ.

ಗಡಿ ಒಡೆದಿದ್ದು ಅವ್ರಿಗೆ ಒಬ್ರಿಗೇ ಅಲ್ಲ, ನಮ್ಗೂ ಒಡೆದೈತೆ. 1953ರ ಅಕ್ಟೋಬರ್ 1ಕ್ಕೆ ನಮ್ಮ ಹಳೇ ಬಳ್ಳಾರಿ ಜಿಲ್ಲಿ ಮದ್ರಾಸಿನಿಂದ ಬಿಟ್ಟು ಮೈಸೂರಿಗೆ ಸೇರ್ದಾಗ ಆದೋನಿ, ಆಲೂರು, ರಾಯದುರ್ಗ ಮೂರೂ ತಾಲೂಕು ಆಂಧ್ರಕ್ಕೆ ಹೋದವು. ಬಳ್ಳಾರಿ ಊರು ಯಾರಿಗೆ ಅಂತಾನೇ ಎಷ್ಟು ಹೊಡೆದಾಟ, ಜೀವನೂ ಹೋಗ್ಯಾವೆ. ನಮ್ಮಜ್ಜಿ ತವರು ರಾಯದುರ್ಗ. ಕಾಕು ಅವ್ರಪ್ಪ ಬಾರಿಶಾಲಿನ ಮನಿ ಹಿಂದಿನ ಕೆರಿ ಬಗ್ಗೆ ಸಾಯೋ ತನಕ ಮಾತಾಡ್ತಿದ್ರಂತೆ, ನಮ್ಮಜ್ಜಿ ರಾಯದುರ್ಗದ ಬಗ್ಗೆ ಮಾತಾಡೋಕೆ ಏನೂ ಇರ್ಲಿಲ್ಲ, ಬೆಳಿಗ್ಗೆ ಬಸ್ ಹತ್ತಿ ಹೋಗಿ ಮಧ್ಯಾಹ್ನ ಊಟ ಮಾಡ್ಕೊಂಡು ಸಂಜಿಗೆ ವಾಪಸ್ ಬರ್ತಿದ್ರು. ಮನ್ಯಾಗೆ ತೆಲುಗು, ಬೀದಿಯಾಗೆ ಕನ್ನಡ, ಕೌಲ್ ಬಜಾರಿಗೆ ಹೋದ್ರೆ ಉರ್ದು, ಎಲ್ಲಾ ಕಲಸಿ ನಡೀತೈತೆ. ಹಂಗಾಗಿ ನಮ್ಗೆ ಗಡಿ ಮೇಲೆ ಒಂದು ಕ್ಲಬ್ ಕಟ್ಟೋವಷ್ಟು ಸಂಕಟ ಆಗಲಿಲ್ಲ, ಪುಣ್ಯ. ಈಸ್ಟ್ ಬೆಂಗಾಲ್ ಇದ್ದಂಗೆ ನಮ್ಮಲ್ಲಿ ಯಾಕಿಲ್ಲ ಅಂತ ಯಾರಾದ್ರೂ ಕೊರಗಿದ್ರೆ ನಾನು ಇದನ್ನೇ ಹೇಳೋದು, ಅಂಥ ಕ್ಲಬ್ ಹುಟ್ಬೇಕಂದ್ರೆ ಕೊಡ್ಬೇಕಾಗಿರೋ ಬೆಲಿ ಬಾಳ ದೊಡ್ದು.

ಇಲ್ಲಿನವ್ರು ಕೊಟ್ಟ ಬೆಲಿ ಅಷ್ಟಕ್ಕೇ ಮುಗೀಲಿಲ್ಲ. 1980ರ ಆಗಸ್ಟ್ 16, ಈಡನ್ ಗಾರ್ಡನ್ಸಿನಾಗೆ ಡರ್ಬಿ, ಮೈದಾನದಾಗೆ ಇಬ್ರು ಆಟಗಾರರ ನಡುವೆ ಹತ್ತಿದ ಕಿಚ್ಚು ಗ್ಯಾಲರಿಗೆ ಹೋತು, ಎರಡೂ ಕಡೆಯವ್ರನ್ನ ಒಟ್ಟಿಗೇ ಕೂರಿಸಿದ್ರು ಬ್ಯಾರೆ, ಓಡಾಟ ತಳ್ಳಾಟದಾಗೆ 16 ಜನ ಸತ್ರು. ಆಟ ನೋಡೋಕೆ ಹೋದ ಮಕ್ಕಳು ಮನಿಗೆ ಬರ್ಲಿಲ್ಲ. ಆವತ್ತಿಂದ ಪ್ರತಿ ವರ್ಷ ಆಗಸ್ಟ್ 16ಕ್ಕೆ ಇಲ್ಲಿ ಫುಟ್ಬಾಲ್ ಪ್ರೇಮಿಗಳ ದಿನ ಮಾಡ್ತಾರೆ, ರಕ್ತದಾನ ಶಿಬಿರ ಇಡ್ತಾರೆ. ಎರಡೂ ಜರ್ಸಿಯವ್ರು ಒಂದೇ ಸಾಲಿನಾಗೆ ತೋಳು ಚಾಚಿ ಮಲಗಿರ್ತಾರೆ, ಅಲ್ಲೂ ಯಾರ ಬಾಟ್ಲಿ ಮೊದ್ಲು ತುಂಬ್ತು ಅಂತ ಬಾಯಿ ಮಾಡೋರು ಅದಾರೆ. 2025ರ ಜೂನ್ 4ಕ್ಕೆ ನಮ್ಮ ಚಿನ್ನಸ್ವಾಮಿ ಹೊರಗೆ ಕಪ್ಪಿನ ಸಂಭ್ರಮದಾಗೆ 11 ಜನ ಸತ್ರಲ್ಲ, ಆವತ್ತು ರಾತ್ರಿ ಕಾಕು ಮೇಲೆ ನನ್ನ ರೂಮಿಗೆ ಬಂದು ಸುಮ್ನೆ ಕೂತ್ರು. 1980ರಾಗೆ ಅವ್ರೂ ಈಡನ್ನಿನಾಗೆ ಇದ್ರಂತೆ, ಚಪ್ಲಿ ಕಳ್ಕೊಂಡು ನಡ್ಕೊಂಡು ಮನಿಗೆ ಬಂದಿದ್ರಂತೆ. "ನಿಮ್ಮೋರು ಮರೀಬಾರ್ದು" ಅಂದ್ರು. ನಮ್ಮೋರು ಜೂನ್ 4ನ್ನ ಏನ್ ಮಾಡ್ತಾರೋ ನೋಡ್ಬೇಕು. ನಂಗೇನೋ ಅನ್ನಿಸೋದು, ನಾವು ಯಾರ್ದು ತಪ್ಪು ಅಂತ ಪಕ್ಷ ಹಿಡ್ಕೊಂಡು ಕಿತ್ತಾಡಿದ್ವೇ ಹೊರ್ತು ಸತ್ತವ್ರ ಹೆಸ್ರಾಗೆ ಒಂದು ದಿನ ಇಟ್ಕೊಳ್ಳೋದು ನಮ್ಗೆ ಹೊಳೀಲೇ ಇಲ್ಲ. ಅದು ಕ್ರಿಕೆಟ್ಟು, ಇದು ಫುಟ್ಬಾಲ್ ಅಂತ ವಾದ ಬ್ಯಾಡ್ರಿ, ಜೀವ ಜೀವಾನೇ.

2024ರ ಆಗಸ್ಟ್ ಇನ್ನೊಂದು. ಆರ್‌ಜಿ ಕರ್ ಆಸ್ಪತ್ರಿಯಾಗೆ ಡಾಕ್ಟರ್ ಹೆಣ್ಮಗಳಿಗೆ ಆದ ಅನ್ಯಾಯಕ್ಕೆ ಊರಿಗೂರೇ ಬೀದಿಗೆ ಬಂದಿತ್ತು, 18ಕ್ಕೆ ಇದ್ದ ಡ್ಯುರಾಂಡ್ ಡರ್ಬಿನ ಭದ್ರತಿ ಇಲ್ಲ ಅಂತ ರದ್ದು ಮಾಡಿದ್ರು. ಮ್ಯಾಚ್ ಇಲ್ಲ ಅಂದ್ಮೇಲೆ ಮಂದಿ ಮನ್ಯಾಗೆ ಕೂರ್ತಾರೆ ಅಂದ್ಕೊಂಡಿದ್ರು ಕಾಣುತ್ತೆ. ಎರಡೂ ಕಡೆಯವ್ರು, ಜೊತೆಗೆ ಮೊಹಮ್ಮಡನ್ ಸ್ಪೋರ್ಟಿಂಗ್‌ನವ್ರೂ, ಬಾವುಟ ಹಿಡ್ಕೊಂಡೇ ಸಾಲ್ಟ್ ಲೇಕ್ ಸ್ಟೇಡಿಯಂ ಹೊರಗೆ ಸೇರಿಬಿಟ್ರು, ಒಂದೇ ಘೋಷಣಿ, ನ್ಯಾಯ ಬೇಕು ಅಂತ. ಪೊಲೀಸ್ರು ಲಾಠಿ ಬೀಸಿದ್ರು. ಕೆಂಪು-ಹಳದಿ ಅಂಗಿಯವ್ನು ಹಸಿರು-ಮೆರೂನ್ ಅಂಗಿಯವ್ನನ್ನ ಹೆಗಲ ಮೇಲೆ ಕೂರಿಸ್ಕೊಂಡಿರೋ ಫೋಟೋ ಬಂತು, ಕಾಕಿಮಾ ಅದನ್ನ ಪೇಪರಿನಾಗೆ ನೋಡಿ ಕಾಕುಗೆ ತೋರ್ಸಿ "ಭಾರ ಹೊರೋ ಕೆಲ್ಸ ಯಾವಾಗ್ಲೂ ನಿಮ್ಮವ್ರಿಗೇ" ಅಂದ್ರು. ನೂರು ವರ್ಷ ಬೈದಾಡಿಕೊಂಡವ್ರಿಗೆ ಒಬ್ರಿಗೊಬ್ರು ಎಷ್ಟು ಗೊತ್ತಿರುತ್ತೆ ಅಂದ್ರೆ ಒಂದು ರಾತ್ರಿಯಾಗೆ ಒಟ್ಟಿಗೆ ನಿಲ್ಲಬಲ್ರು. ಆರ್‌ಸಿಬಿ-ಸಿಎಸ್‌ಕೆ ಮಂದಿ ಹಿಂಗೆ ಒಂದು ದಿನ ನಿಲ್ತಾರಾ? ಕಾವೇರಿ ನೀರಿನ ಟೈಮಿನಾಗೆ ಒಂದ್ಸಲ ಯೋಚ್ನೆ ಮಾಡಿ ನೋಡ್ರಿ.

ಹಂಗಂತ ಇಲ್ಲಿ ಎಲ್ಲಾ ಚೆನ್ನಾಗೈತೆ ಅಂತ ಅಲ್ಲ. 1997ರ ಜುಲೈ 13, ಫೆಡರೇಷನ್ ಕಪ್ ಸೆಮಿಫೈನಲ್ಲು, ಸಾಲ್ಟ್ ಲೇಕ್‌ನಾಗೆ 1,31,781 ಜನ, ಭಾಯಿಚುಂಗ್ ಭುಟಿಯಾ ಹ್ಯಾಟ್ರಿಕ್ ಹೊಡೆದು ನಾವು 4-1, ಮೋಹನ್ ಬಗಾನ್ ಕೋಚು ಅಮಲ್ ದತ್ತಾ ಅವ್ರ ಡೈಮಂಡ್ ಸಿಸ್ಟಮ್ ಪುಡಿಪುಡಿ, ಈ ಕಥಿ ನಂಗೆ ಎಷ್ಟು ಸಲ ಹೇಳ್ಯಾರಂದ್ರೆ ಆ ಗ್ಯಾಲರಿಯಾಗೆ ನಾನೂ ಇದ್ದೆ ಅನ್ನಿಸಿಬಿಟ್ಟೈತೆ. ಅದಕ್ಕೂ ಹಿಂದೆ ಹೋದ್ರೆ 1975ರ ಶೀಲ್ಡ್ ಫೈನಲ್ 5-0. ನೆನಪಿನಾಗೇ ಬದುಕೋ ಊರು ಇದು. ನಮ್ಮ ಕ್ಲಬ್ 2012ರಿಂದ 2024ರ ತನಕ ದೇಶದ ಮಟ್ಟದ ಒಂದು ಕಪ್ಪೂ ಗೆಲ್ಲಲಿಲ್ಲ, ಭುವನೇಶ್ವರದಾಗೆ ಸೂಪರ್ ಕಪ್ ಬಂದ ರಾತ್ರಿ ಬಿಜಯಗಢದಾಗೆ ಪಟಾಕಿ ಹೊಡೆದಿದ್ದು ನೋಡಿದ್ರೆ ದೀಪಾವಳಿ ನಾಚ್ಬೇಕು. ಈ ನಡುವೆ ದುಡ್ಡು ಹಾಕೋ ಕಂಪ್ನಿಗಳು ಬಂದ್ವು ಹೋದ್ವು, ಅದ್ರಾಗೆ ಒಂದು ಬೆಂಗಳೂರಿನ ಕ್ವೆಸ್, 2018ಕ್ಕೆ ಬಂದು 2020ಕ್ಕೆ ಹೋತು, ಆ ಎರಡು ವರ್ಷ ಟೀಮ್ ಸೋತಾಗೆಲ್ಲ ಓಣಿಯವ್ರು "ನಿಮ್ಮ ಬೆಂಗಳೂರಿನವ್ರು ಏನ್ ಮಾಡ್ತಿದಾರೆ" ಅಂತ ನನ್ನ ಕೇಳೋರು, ಆ ಕಂಪ್ನಿಯಾಗೆ ನಂಗೂ ಪಾಲೈತೆ ಅನ್ನೋ ಥರ. ಅತ್ತ ಮೋಹನ್ ಬಗಾನಿನವ್ರು 2020ರಾಗೆ ಎಟಿಕೆ ಅನ್ನೋ ಹೆಸ್ರು ಮುಂದೆ ಅಂಟಿಸ್ಕೊಂಡ್ರು, ಅವ್ರ ಅಭಿಮಾನಿಗಳೇ ಅದನ್ನ ತೆಗೀರಿ ಅಂತ ಮೂರು ವರ್ಷ ಗಲಾಟಿ ಮಾಡಿ ತೆಗೆಸಿದ್ರು. ಅದೊಂದಕ್ಕೆ ಅವ್ರಿಗೆ ನಾನು ಟೊಪಿಗಿ ತೆಗೀತೀನಿ, ಇದನ್ನ ಆಫೀಸಿನ ಧಾರವಾಡದವ್ರಿಗೆ ಯಾರೂ ಹೇಳಬ್ಯಾಡ್ರಿ. ಹೆಣ್ಮಕ್ಕಳ ವಿಷ್ಯಕ್ಕೆ ಬಂದ್ರೆ ನಮ್ಮ ಹುಡಿಗ್ಯಾರು 2024-25ರ ಇಂಡಿಯನ್ ವಿಮೆನ್ಸ್ ಲೀಗ್ ಗೆದ್ದಾರೆ. ನಿಮ್ದೆಲ್ಲಿ ಅಂತ ಎದುರಿನವ್ರನ್ನ ಕೇಳಿದ್ರೆ, ಗೊತ್ತಲ್ಲ, 1911.

ಇನ್ನು ನನ್ನ ಸ್ವಂತ ಫಜೀತಿ. ಊರಿನ ಲೆಕ್ಕಕ್ಕೆ ನಾನು ಬೆಂಗಳೂರು ಎಫ್‌ಸಿ ಆಗ್ಬೇಕು, ಆಗೇ ಇದೀನಿ. ಪುಣ್ಯಕ್ಕೆ ಅವ್ರು ಈಸ್ಟ್ ಬೆಂಗಾಲ್‌ಗೆ ಅಷ್ಟು ದೊಡ್ಡ ವೈರಿ ಅಲ್ಲ, ಮೋಹನ್ ಬಗಾನ್ ಮೇಲೇ ಸೂಪರ್ ಲೀಗ್ ಫೈನಲ್ ಆಡೋದು ಅವ್ರ ಹಣೆಬರಹ. 2023ರ ಮಾರ್ಚಿನಾಗೆ ಗೋವಾದಾಗೆ 2-2 ಆಗಿ ಪೆನಾಲ್ಟಿಯಾಗೆ 4-3 ಸೋತ್ರು. 2025ರ ಏಪ್ರಿಲ್ 12ಕ್ಕೆ ಸಾಲ್ಟ್ ಲೇಕ್‌ನಾಗೇ ಮತ್ತೆ. ಆವತ್ತು ನಮ್ಮ ಮನ್ಯಾಗೆ ಬಿಎಫ್‌ಸಿಗೆ ಇಬ್ರು ಸಪೋರ್ಟರ್ಸ್, ನಾನು ಮತ್ತೆ ಕಾಕು, ಅವ್ರು ಬೆಂಗಳೂರು ಗೆಲ್ಲಲಿ ಅಂತಲ್ಲ, ಮೋಹನ್ ಬಗಾನ್ ಸೋಲಲಿ ಅಂತ. ಸೆಕೆಂಡ್ ಹಾಫ್ ಶುರುವಿಗೇ ಮೋಹನ್ ಬಗಾನ್ ಡಿಫೆಂಡರ್ ತನ್ನ ಗೋಲಿಗೇ ಹೊಡ್ಕೊಂಡಾಗ ಕಾಕು ಎದ್ದು ಕುಣಿದಿದ್ದು ನೋಡ್ಬೇಕಿತ್ತು, ಆಮ್ಯಾಲೆ ಅವ್ರಿಗೊಂದು ಪೆನಾಲ್ಟಿ ಗೋಲು, ಎಕ್ಸ್‌ಟ್ರಾ ಟೈಮಿನಾಗೆ ಮೆಕ್ಲಾರನ್ ಹೊಡೆದು 2-1, ಮುಗೀತು. 40 ವರ್ಷದ ಛೇತ್ರಿ ಸೊಂಟದ ಮೇಲೆ ಕೈ ಇಟ್ಕೊಂಡು ನಿಂತಿದ್ದ. ಆ ಮನುಷ್ಯ 2002ರಾಗೆ ಮೋಹನ್ ಬಗಾನಿನಾಗೇ ಆಟ ಶುರು ಮಾಡಿದವ್ನು, ಈಸ್ಟ್ ಬೆಂಗಾಲಿಗೂ ಆಡಿದವ್ನು, ಮದುವಿ ಆಗಿದ್ದು ಮೋಹನ್ ಬಗಾನಿನ ಹಳೇ ಹುಲಿ ಸುಬ್ರತಾ ಭಟ್ಟಾಚಾರ್ಯ ಅವ್ರ ಮಗಳನ್ನ. ಹಂಗಾಗಿ ಕಾಕಿಮಾ ಗೆದ್ದ ಖುಷಿಯಾಗೂ "ಪಾಪ, ಅಳಿಯನ್ನ ಹಿಂಗೆ ಕಳಿಸ್ಬಾರ್ದಿತ್ತು" ಅಂದ್ರು. ಬೆಂಗಳೂರು ಸೋತಿದ್ದಕ್ಕೆ ನಂಗೆ ಆವತ್ತೂ ಸಂದೇಶ್, ಬ್ಯಾಡ ಅಂದ್ರೂ ಬಿಡಲಿಲ್ಲ.

ಬಿಎಫ್‌ಸಿ ಮೇಲೆ ನನ್ನ ತಕರಾರು ಒಂದೇ, ಅವ್ರಿಗೆ ಊರಾಗೆ ಎದುರಾಳಿ ಇಲ್ಲ. ಬೆಂಗಳೂರಿನಾಗೆ ಫುಟ್ಬಾಲ್ ಹುಚ್ಚು ಇಲ್ಲ ಅಂತ ಅಲ್ಲ, ಆಸ್ಟಿನ್ ಟೌನು, ಗೌತಮಪುರ ಹೋಗಿ ನೋಡ್ರಿ. ಬ್ಯಾಂಗಲೂರ್ ಮುಸ್ಲಿಮ್ಸ್ 1937, 38 ಎರಡೂ ವರ್ಷ ರೋವರ್ಸ್ ಕಪ್ ಹೊಡ್ಕೊಂಡು ಬಂದವ್ರು. ಸಂತೋಷ್ ಟ್ರೋಫಿ ನಮ್ಮ ರಾಜ್ಯಕ್ಕೆ 1968-69 ಆದ್ಮೇಲೆ ಮತ್ತೆ ಬಂದಿದ್ದು 2023ರಾಗೆ, ಅದೂ ರಿಯಾದಿನಾಗೆ ಆಡಿ. ಆದ್ರೆ ಒಂದೇ ದೊಡ್ಡ ಕ್ಲಬ್ಬು, ಊರಿಗೆಲ್ಲ ಒಂದೇ ನೀಲಿ ಬಣ್ಣ, ಮನ್ಯಾಗೆ ಯಾರ ಜೊತೆ ಜಗಳ ಆಡೋದು? ಅವ್ರ ಫ್ಯಾನ್ಸ್ ಗುಂಪು ವೆಸ್ಟ್ ಬ್ಲಾಕ್ ಬ್ಲೂಸ್ ಹುಡುಗ್ರು ಚೆನ್ನಾಗಿ ಹಾಡ್ತಾರೆ, ಎದುರು ಸ್ಟ್ಯಾಂಡಿನಿಂದ ತಿರುಗಿ ಹಾಡೋರು ಬೇಕಲ್ಲ.

ಅದ್ರಾಗೂ ತಮಾಷಿ ಏನಂದ್ರೆ ಆ ಕ್ಲಬ್ಬಿನ ಬೇರು ಇರೋದು ನಮ್ಮ ಬಳ್ಳಾರಿ ಜಿಲ್ಲಿಯಾಗೆ. ಮಾಲಕರು ಜೆಎಸ್‌ಡಬ್ಲ್ಯೂ, ಅವ್ರ ಉಕ್ಕಿನ ಕಾರ್ಖಾನಿ ನಮ್ಮ ತೋರಣಗಲ್ಲಿನಾಗೆ, ಅಲ್ಲೇ 2018ರಾಗೆ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಕಟ್ಯಾರೆ, ಸೀಸನ್ ಮುಂಚೆ ಛೇತ್ರಿ ಥರದವ್ರು ಅಲ್ಲಿ ಬಂದು ಬಿಸಿಲಾಗೆ ಓಡಿ ಹೋಗ್ಯಾರೆ, ಹುಡುಗ್ರ ಅಕಾಡೆಮಿನೂ ಅಲ್ಲಿ ನಡೆಸ್ಯಾರೆ. ಹುಲ್ಲು ನೋಡಿದ್ರೆ ನಂಬೋಕೆ ಆಗಲ್ಲ, ಸುತ್ತ ಕೆಂಪು ಧೂಳು, ಅದಿರು ಲಾರಿ, ನಡುವೆ ಹಸಿರು. ಮೋತಿ ಸರ್ಕಲ್‌ನಾಗೆ ನಿಂತು ನಾಲ್ಕು ಜನಕ್ಕೆ ಕೇಳ್ರಿ, ಮೂರು ಜನಕ್ಕೆ ಗೊತ್ತಿರಲ್ಲ. ನಮ್ಮ ತಮ್ಮನಿಗೇ ಗೊತ್ತಿರ್ಲಿಲ್ಲ, ಅವ್ನು ರಾತ್ರಿ ಎದ್ದು ಮ್ಯಾಂಚೆಸ್ಟರ್ ಯುನೈಟೆಡ್ ನೋಡ್ತಾನೆ, ಅವ್ರು ಸೋತ್ರೆ ಊಟ ಬಿಡ್ತಾನೆ, ಲಿವರ್‌ಪೂಲ್ ಅಂದ್ರೆ ಹಲ್ಲು ಕಡೀತಾನೆ. ಲೇ, ಲಿವರ್‌ಪೂಲಿನವ್ನು ಒಬ್ಬನ್ನಾದ್ರೂ ಕಂಡೀಯೇನೋ ನೀನು?

ನಮ್ಮೋರಿಗೆ ನಿಜವಾದ ವೈರಿ ಬೇಕಂದ್ರೆ ಮ್ಯಾಂಚೆಸ್ಟರಿಗೆ ಹೋಗೋದು ಬ್ಯಾಡ, ಹೊಸಪೇಟಿ ಐತಲ್ಲ. 2021ರಾಗೆ ಜಿಲ್ಲಿ ಒಡೆದು ವಿಜಯನಗರ ಜಿಲ್ಲಿ ಮಾಡೋಕಿಂತ ಮುಂಚೆ ಬಳ್ಳಾರಿಯಾಗೆ ಬಂದ್ ಆತು, ಧರಣಿ ಆತು, ಹೊಸಪೇಟಿಯಾಗೆ ಪಟಾಕಿ ಹೊಡೆದು ಸ್ವೀಟ್ ಹಂಚಿದ್ರು. ಹಂಪಿ ಅವ್ರಿಗೆ ಹೋತು, ಡ್ಯಾಮ್ ಅವ್ರಿಗೆ ಹೋತು, ನಮ್ಗೆ ಉಳಿದಿದ್ದು ಕೋಟೆ ಗುಡ್ಡ, ಧೂಳು ಮತ್ತೆ ಬಿಸಿಲು. ಬಿಸಿಲು ಅವ್ರಿಗೂ ಐತೆ ಬಿಡ್ರಿ. ಹೆಣ್ಣು ಕೊಟ್ಟು ತಗೊಳ್ಳೋದು ಎರಡೂ ಕಡೆ ನಡೀತೈತೆ, ನಮ್ಮಕ್ಕನ್ನೇ ಅಲ್ಲಿಗೆ ಕೊಟ್ಟೈತೆ, ಮಾವಂದಿರು ಅಂದ್ರೆ ಬಾಯಿ ಜೋರು ಮಂದಿ. ಸಿಟ್ಟು ಐತೆ, ಸಂಬಂಧ ಐತೆ, ದಿನಾ ಮುಖ ನೋಡೋ ಹಂಗೂ ಐತೆ, ಒಂದು ಡರ್ಬಿಗೆ ಇನ್ನೇನ್ ಬೇಕು? ಮ್ಯಾಚಿಗೆ ಜಾಗಾನೂ ರೆಡಿ, ತೋರಣಗಲ್ಲು ಸರಿಯಾಗಿ ಅತ್ತ ಬಳ್ಳಾರಿ ಇತ್ತ ಹೊಸಪೇಟಿ ನಡುವೆ, ಇಬ್ರಿಗೂ ರೈಲು ಐತೆ, ಬಸ್ಸು ಐತೆ, ಸೋತವ್ರು ಕತ್ತಲಾಗೋದ್ರಾಗೆ ಮನಿ ಮುಟ್ತಾರೆ. ದೊಡ್ಡ ಮೈದಾನ ಕೊಡಲ್ಲ ಅಂದ್ರೆ ಮುನ್ಸಿಪಲ್ ಕಾಲೇಜ್ ಗ್ರೌಂಡಾದ್ರೂ ಸಾಕು. ಕೌಲ್ ಬಜಾರಿನ ಹುಡುಗ್ರ ಕಾಲಿಗೆ ಒಂದ್ಸಲ ಒಳ್ಳೆ ಬೂಟು ಹಾಕಿ ನೋಡ್ರಿ.

ಗೆದ್ದವ್ರಿಗೆ ಏನ್ ಅಡಿಗಿ ಅನ್ನೋದು ಮಾತ್ರ ನಂಗೆ ಬಗೆಹರೀತಿಲ್ಲ, ಯಾಕಂದ್ರೆ ಒಗ್ಗರಣಿ-ಮಿರ್ಚಿ ನಮ್ದು ಅಂತ ನಾವಂತೀವಿ, ಅವ್ರೂ ತಮ್ದೇ ಅಂತಾರೆ, ಮೊದ್ಲನೇ ಜಗಳ ಅಲ್ಲಿಂದಾನೇ ಶುರು ಆಗ್ಲಿ. ಜರ್ಸಿ ಬಣ್ಣ ನಮ್ದು ಅದಿರಿನ ಕೆಂಪು, ಅದನ್ನ ಈಗ್ಲೇ ಬುಕ್ ಮಾಡ್ತಾ ಇದೀನಿ. ಹೊಸಪೇಟಿಯವ್ರು ತಮ್ದು ತಾವು ನೋಡ್ಕೊಳ್ಲಿ.